ಕಲರ್ ಇಟ್ಕೊಳ್ಳೋದಾ, ಬ್ಲ್ಯಾಕ್ ಅಂಡ್ ವೈಟ್ ಮಾಡೋದಾ: ಒಂದು ಫೋಟೋ ಮುಂದೆ ಕೂತು ನಾನು ನಿರ್ಧಾರ ಮಾಡೋ ರೀತಿ

ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಕ್ಯಾಮೆರಾ ಹಿಡ್ಕೊಂಡು ಹೋದವ್ರೆಲ್ಲ ತೆಗೆಯೋ ಒಂದು ಫೋಟೋ ಇದೆ, ಮೊದಲನೇ ಮಹಡೀಲಿ ನಿಂತ್ಕೊಂಡು ಕೆಳಗಿರೋ ಹೂವಿನ ರಾಶಿ ನೋಡ್ತಾ ತೆಗೆಯೋದು. ನಾನೂ ತೆಗ್ದೆ. ಬೆಳಿಗ್ಗೆ ಆರೂವರೆ, ಹಳದಿ ಸೇವಂತಿಗೆ, ಪಕ್ಕದಲ್ಲಿ ಕಿತ್ತಳೆ ಬಣ್ಣದ ಚೆಂಡು ಹೂವು, ಒಂದ್ ಬುಟ್ಟಿ ಕನಕಾಂಬರ, ಮಧ್ಯೆ ತಲೆಗೆ ಟವೆಲ್ ಸುತ್ಕೊಂಡು ತೂಕ ಹಾಕ್ತಿರೋ ಒಬ್ರು. ಮನೆಗೆ ಬಂದು ಅದನ್ನ ಬ್ಲ್ಯಾಕ್ ಅಂಡ್ ವೈಟ್ ಮಾಡ್ದೆ, ಯಾಕಂದ್ರೆ ಆಗ ನಂಗೆ ಬ್ಲ್ಯಾಕ್ ಅಂಡ್ ವೈಟ್ ಅಂದ್ರೇನೇ ಗಂಭೀರವಾದ ಫೋಟೋ ಅನ್ನೋ ನಂಬಿಕೆ ಇತ್ತು. ಸೇವಂತಿಗೆ ರಾಶಿ ಕಡ್ಲೆಪುರಿ ರಾಶಿ ಥರ ಕಾಣಿಸ್ತು. ಚೆಂಡು ಹೂವು, ಕನಕಾಂಬರ, ಕೆಳಗೆ ಹಾಸಿದ್ದ ಗೋಣಿಚೀಲ ಮೂರೂ ಹೆಚ್ಚುಕಮ್ಮಿ ಒಂದೇ ಬೂದು.

ಅದೇ ದಿನ ಅದೇ ಮಾರ್ಕೆಟ್ಟಿನ ಹಿಂದಿನ ಗಲ್ಲೀಲಿ ಮೂಟೆ ಹೊತ್ಕೊಂಡು ಬರ್ತಿದ್ದ ಹಮಾಲಿ ಒಬ್ರ ಫೋಟೋನೂ ತೆಗ್ದಿದ್ದೆ. ಕುತ್ತಿಗೆ ನರ ಎದ್ದಿದೆ, ಬೆನ್ನ ಮೇಲೆ ಬೆವರು, ಪಕ್ಕದಿಂದ ಬೆಳಕು ಬಿದ್ದಿದೆ, ಆದ್ರೆ ಹಿಂದೆ ಒಂದು ನೀಲಿ ಪ್ಲಾಸ್ಟಿಕ್ ಕ್ರೇಟು, ಅದ್ರ ಮೇಲೆ ಕೆಂಪು ಫ್ಲೆಕ್ಸು. ಕಲರಲ್ಲಿ ನೋಡಿದ್ರೆ ಕಣ್ಣು ಸೀದಾ ಆ ಕ್ರೇಟಿಗೆ ಹೋಗ್ತಿತ್ತು. ಬಣ್ಣ ತೆಗ್ದ ತಕ್ಷಣ ಆ ಮನುಷ್ಯ ಎದುರಿಗೆ ಬಂದು ನಿಂತಂಗಾಯ್ತು. ಒಂದೇ ಜಾಗ, ಒಂದೇ ಗಂಟೆ, ಎರಡು ಫೋಟೋಗೆ ಎರಡು ಉತ್ತರ. ಹಾಗಾಗಿ "ಸ್ಟ್ರೀಟ್ ಫೋಟೋ ಅಂದ್ರೆ ಬ್ಲ್ಯಾಕ್ ಅಂಡ್ ವೈಟು, ಹಬ್ಬ ಅಂದ್ರೆ ಕಲರು" ಅಂತ ವಿಷಯ ನೋಡ್ಕೊಂಡು ಮಾಡೋ ರೂಲ್‌ಗಳನ್ನ ನಾನು ಬಿಟ್ಟುಬಿಟ್ಟೆ. ಈಗ ಪ್ರತಿ ಫೋಟೋಗೂ ಒಂದೇ ಪ್ರಶ್ನೆ ಕೇಳೋದು: ಈ ಚಿತ್ರದಲ್ಲಿ ಬಣ್ಣಕ್ಕೆ ಏನಾದ್ರೂ ಕೆಲ್ಸ ಇದೆಯಾ? ಅದನ್ನ ಹೆಂಗೆ ಕಂಡುಹಿಡಿಯೋದು ಅಂತ ಹೆಜ್ಜೆ ಹೆಜ್ಜೆಯಾಗಿ ಬರೀತೀನಿ. ಮೊಬೈಲ್‌ನಲ್ಲಿ ತೆಗೆಯೋರಿಗೂ ಇದೆಲ್ಲ ಅನ್ವಯಿಸುತ್ತೆ.

ಹೆಜ್ಜೆ 1: ಫೋಟೋನ ಬಾಯಲ್ಲಿ ಹೇಳಿ ನೋಡಿ

ಎಡಿಟಿಂಗ್ ಆ್ಯಪ್ ತೆಗೆಯೋಕೆ ಮುಂಚೆ ಈ ಫೋಟೋ ಯಾವುದರ ಬಗ್ಗೆ ಅಂತ ಒಂದು ವಾಕ್ಯದಲ್ಲಿ ಹೇಳ್ಕೊಳ್ಳಿ, ಪಕ್ಕದಲ್ಲಿ ಯಾರೋ ಕೂತಿದಾರೆ, ಅವ್ರಿಗೆ ಫೋಟೋ ಕಾಣಿಸ್ತಿಲ್ಲ, ಫೋನಲ್ಲಿ ವಿವರಿಸ್ತಿದೀರಿ ಅಂದ್ಕೊಂಡು. "ಇಳಕಲ್ ಸೀರೆ ಉಟ್ಕೊಂಡಿರೋ ಹೆಂಗಸು, ಆ ಕೆಂಪು ಸೆರಗು ಗಾಳೀಲಿ ಹಾರ್ತಿದೆ" ಅಂತ ಬಂದ್ರೆ ನಿಮ್ ಬಾಯಿಂದಾನೇ ಬಣ್ಣದ ಹೆಸ್ರು ಬಂತು, ಅಲ್ಲಿಗೆ ಮುಗೀತು, ಅದು ಕಲರ್ ಫೋಟೋ. "ತಾತ ಕಣ್ಣು ಕಿರಿದು ಮಾಡ್ಕೊಂಡು ಸೂಜಿಗೆ ದಾರ ಪೋಣಿಸ್ತಿದಾರೆ" ಅಂತ ಬಂದ್ರೆ ಅಲ್ಲಿ ಬಣ್ಣದ ಮಾತೇ ಬರ್ಲಿಲ್ಲ, ಬಂದಿದ್ದು ಕಣ್ಣು, ಬೆರಳು, ಸೂಜಿ. ಅಂಥದ್ದನ್ನ ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡ್ಬಹುದು. ಬಹಳ ಸಿಂಪಲ್ ಅನ್ಸುತ್ತೆ, ಆದ್ರೆ ನನ್ನ ಅರ್ಧದಷ್ಟು ಫೋಟೋಗಳ ತೀರ್ಮಾನ ಇಲ್ಲೇ ಆಗ್ಹೋಗುತ್ತೆ.

ಹೆಜ್ಜೆ 2: ಬಣ್ಣ ದುಡೀತಿದೆಯಾ, ಅಡ್ಡ ಬರ್ತಿದೆಯಾ

ಬಣ್ಣ ಮಾಡೋ ಕೆಲ್ಸಗಳು ಬೇರೆ ಬೇರೆ. ಒಂದು, ವಿಷಯ ತಿಳಿಸೋದು: ಮಾವಿನಕಾಯಿ ಹಣ್ಣಾಗಿದೆಯಾ ಇಲ್ವಾ, ಹೋಳಿನಾ ಬರೀ ಧೂಳಾ, ಇದನ್ನ ಬಣ್ಣಾನೇ ಹೇಳ್ಬೇಕು. ಇನ್ನೊಂದು ಹೊತ್ತು ತೋರಿಸೋದು. ದಸರಾ ಟೈಮಲ್ಲಿ ಮೈಸೂರು ಅರಮನೆ ದೀಪ ಹಚ್ಚಿದಾಗ ಆಕಾಶ ಇನ್ನೂ ಪೂರ್ತಿ ಕತ್ತಲಾಗದೆ ಗಾಢ ನೀಲಿ ಇರೋ ಒಂದು ಹದಿನೈದು ಇಪ್ಪತ್ತು ನಿಮಿಷ ಇರುತ್ತಲ್ಲ, ಆ ನೀಲಿ ಮೇಲೆ ಬಲ್ಬುಗಳ ಹೊಂಬಣ್ಣ ಬಿದ್ದಾಗಲೇ ಆ ಫೋಟೋಗೆ ಜೀವ. ಬಣ್ಣ ತೆಗೆದ್ರೆ ಬೆಳ್ಳಗಿರೋ ಚುಕ್ಕಿಗಳ ಕಟ್ಟಡ ಉಳಿಯುತ್ತೆ ಅಷ್ಟೇ. ಮೂರನೇದು, ಒಂದು ವಸ್ತುನ ಇನ್ನೊಂದರಿಂದ ಬೇರೆ ಮಾಡಿ ತೋರ್ಸೋದು, ಹಸಿರು ಗದ್ದೇಲಿ ಕೆಂಪು ಸೀರೆ ಉಟ್ಟು ನಾಟಿ ಮಾಡ್ತಿರೋರ ಥರ.

ಇದ್ಯಾವುದೂ ಇಲ್ಲ, ಆದ್ರೂ ಫ್ರೇಮ್ ತುಂಬ ಬಣ್ಣ ಇದೆ ಅಂದ್ರೆ ಅದು ಅಡ್ಡ ಬರ್ತಿದೆ ಅಂತ ಅರ್ಥ. ನಮ್ ಕಡೆ ಅಡ್ಡ ಬರೋ ಬಣ್ಣಗಳ ಪಟ್ಟಿ ಎಲ್ರಿಗೂ ಗೊತ್ತಿರೋದೇ: ಫ್ಲೆಕ್ಸು, ನೀಲಿ ಟಾರ್ಪಾಲು, ಕೆಂಪು ಪ್ಲಾಸ್ಟಿಕ್ ಚೇರು, ಶಾಮಿಯಾನದ ಗುಲಾಬಿ ಬಟ್ಟೆ. ಆದ್ರೆ ಒಂದ್ ಮಾತು, ಫ್ಲೆಕ್ಸಿನ ಬಣ್ಣ ಹೋದ್ರೂ ಅದ್ರ ಮೇಲಿರೋ ಅಕ್ಷರ, ಮುಖ ಹೋಗಲ್ಲ, ದೊಡ್ಡ ಅಕ್ಷರ ಇದ್ರೆ ಬ್ಲ್ಯಾಕ್ ಅಂಡ್ ವೈಟಲ್ಲೂ ಕಣ್ಣು ಅದನ್ನೇ ಓದೋಕೆ ಹೋಗುತ್ತೆ. ಅದಕ್ಕೆ ಮೊದ್ಲು ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಇಲ್ಲಾ ಕೂತು, ಹಿನ್ನೆಲೆ ಬದಲಾಯಿಸೋಕಾಗುತ್ತಾ ನೋಡಿ.

ಹೆಜ್ಜೆ 3: ಬಣ್ಣ ಹೋದ್ಮೇಲೆ ಏನು ಉಳಿಯುತ್ತೆ ಅಂತ ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಬಹಳ ಜನ ಎಡವೋದು ಇಲ್ಲೇ. ನಮ್ಮ ಕಣ್ಣಿಗೆ ಕೆಂಪು, ಹಸಿರು ಅಂದ್ರೆ ಆಕಾಶ ಭೂಮಿ ಅಷ್ಟು ವ್ಯತ್ಯಾಸ. ಬ್ಲ್ಯಾಕ್ ಅಂಡ್ ವೈಟಿಗೆ ಗೊತ್ತಿರೋದು ಎಷ್ಟು ಬೆಳಕು, ಎಷ್ಟು ಕತ್ತಲು ಅನ್ನೋದು ಮಾತ್ರ. ಕಂಪ್ಯೂಟರ್ ಬಣ್ಣನ ಬೂದುಗೆ ತಿರುಗಿಸುವಾಗ ಸಾಮಾನ್ಯವಾಗಿ ಬಳಸೋ ಒಂದು ಲೆಕ್ಕದಲ್ಲಿ ಹಸಿರಿಗೆ ಸುಮಾರು 72%, ಕೆಂಪಿಗೆ 21%, ನೀಲಿಗೆ ಬರೀ 7% ತೂಕ ಕೊಡುತ್ತೆ, ಯಾಕಂದ್ರೆ ಮನುಷ್ಯನ ಕಣ್ಣಿಗೆ ಹಸಿರು ಜಾಸ್ತಿ ಬೆಳ್ಳಗೆ, ನೀಲಿ ಜಾಸ್ತಿ ಕಪ್ಪಗೆ ಅನ್ಸುತ್ತೆ. ಹಾಗಾಗಿ ಗಾಢ ಹಸಿರು ಮತ್ತು ಸ್ವಲ್ಪ ಹೊಳೆಯೋ ಕೆಂಪು, ಎರಡೂ ಒಂದೇ ಬೂದು ಆಗೋ ಸಾಧ್ಯತೆ ತುಂಬಾ. ಮೇಲೆ ಹೇಳಿದ ನಾಟಿ ಫೋಟೋ ಇದೆಯಲ್ಲ, ಕೆಂಪು ಸೀರೆ ಹಸಿರು ಗದ್ದೆ, ಅದನ್ನ ಸುಮ್ನೆ ಬ್ಲ್ಯಾಕ್ ಅಂಡ್ ವೈಟ್ ಮಾಡಿದ್ರೆ ಸೀರೆ ಗದ್ದೆಯೊಳಗೇ ಕರಗೋಗುತ್ತೆ.

ಯಕ್ಷಗಾನದಲ್ಲಿ ಇದನ್ನ ನಾನು ಸರಿಯಾಗಿ ಅನುಭವಿಸಿದೀನಿ. ರಂಗಸ್ಥಳದಲ್ಲಿ ಒಬ್ರು ಕೆಂಪು ದಗಲೆ (ವೇಷದ ಮೇಲಂಗಿ), ಇನ್ನೊಬ್ರು ಹಸಿರು ದಗಲೆ ತೊಟ್ಕೊಂಡು ಎದುರುಬದುರು ನಿಂತಿರೋ ಫೋಟೋ, ಬಣ್ಣ ತೆಗೆದ್ರೆ ಇಬ್ರೂ ಒಂದೇ ಪಕ್ಷದವ್ರ ಥರ ಕಾಣಿಸ್ತಾರೆ. ಅಲ್ಲಿ ಒಂದು ಬಗೆಯ ವೇಷಕ್ಕೆ ಹೆಸರೇ "ಬಣ್ಣದ ವೇಷ", ಅಂದ್ಮೇಲೆ ಬಣ್ಣ ತೆಗೆಯೋಕೆ ಮುಂಚೆ ಎರಡು ಸಲ ಯೋಚ್ನೆ ಮಾಡ್ಬೇಕು. ಆದ್ರೆ ಅದೇ ಬಣ್ಣದ ವೇಷದ ಮುಖದ ಕ್ಲೋಸಪ್ ತಗೊಳ್ಳಿ, ಅಕ್ಕಿ ಹಿಟ್ಟು, ಸುಣ್ಣ ಕಲಸಿ ಒಂದೊಂದೇ ಚುಕ್ಕಿ ಇಟ್ಟು ಬೆಳೆಸಿದ ಚುಟ್ಟಿ ಇರುತ್ತೆ, ಮುಳ್ಳು ಮುಳ್ಳಾಗಿ ಎದ್ದು ನಿಂತಿರುತ್ತೆ. ಅದಕ್ಕೆ ಪಕ್ಕದಿಂದ ಬೆಳಕು ಬಿದ್ರೆ ಬ್ಲ್ಯಾಕ್ ಅಂಡ್ ವೈಟಲ್ಲಿ ಒಂದೊಂದು ಚುಕ್ಕಿಯ ನೆರಳೂ ಎಣಿಸ್ಬಹುದು. ಹಂಗೇ ಚೌಕೀಲಿ, ಅಂದ್ರೆ ಬಣ್ಣ ಹಚ್ಕೊಳ್ಳೋ ಕೋಣೇಲಿ, ಕಲಾವಿದ್ರು ಕನ್ನಡಿ ಹಿಡ್ಕೊಂಡು ಕೂತಿರೋ ಫೋಟೋ. ಒಂದ್ ಕಡೆ ಟ್ಯೂಬ್‌ಲೈಟು, ಇನ್ನೊಂದ್ ಕಡೆ ಹಳದಿ ಬಲ್ಬು, ಮುಖದ ಅರ್ಧ ಭಾಗ ಹಸಿರುಗಟ್ಟಿದೆ ಇನ್ನರ್ಧ ಕಿತ್ತಳೆ, ಬಿಳಿ ಬಿಳಿಯಾಗೇ ಕಾಣ್ಲಿ ಅಂತ ವೈಟ್ ಬ್ಯಾಲೆನ್ಸ್ ಎಷ್ಟು ತಿದ್ದಿದ್ರೂ ಒಂದ್ ಕಡೆ ಸರಿಹೋದ್ರೆ ಇನ್ನೊಂದ್ ಕಡೆ ಕೆಡುತ್ತೆ, ಅಲ್ಲಿ ಬ್ಲ್ಯಾಕ್ ಅಂಡ್ ವೈಟ್ ಮಾಡಿ, ಆ ಕಣ್ಣಿನ ಏಕಾಗ್ರತೆ ಕಾಣಿಸ್ಲಿ. ಅರ್ಧ ಬಣ್ಣ ಹಚ್ಚಿದ ಮುಖ, ಅರ್ಧ ಬರೀ ಮುಖ ಇದ್ರೆ ಮಾತ್ರ ನಾನು ಕಲರೇ ಇಡ್ತೀನಿ, ಯಾಕಂದ್ರೆ ಆ ಚಿತ್ರ ಇರೋದೇ ಆ ಗಡಿ ಮೇಲೆ.

ಕಂಬಳಕ್ಕೆ ಬಂದ್ರೆ ಲೆಕ್ಕ ಉಲ್ಟಾ. ಕರಾವಳೀಲಿ ನವೆಂಬರಿಂದ ಮಾರ್ಚ್‌ವರೆಗೆ ಸೀಸನ್ನು, ಕಪ್ಪು ಕೋಣ, ಕಂದು ನೀರು, ಬಿಸಿಲಿಗೆ ಕಂದಾದ ಮೈ, ಇರೋದೆಲ್ಲ ಕಂದಿನ ಒಳಗೇ. ಬಣ್ಣ ಅಂತ ಇದ್ರೆ ಅದು ಹಿಂದಿರೋ ಬ್ಯಾನರುಗಳದ್ದು ಮಾತ್ರ. ಆದ್ರೆ ಬೆಳಕಿನ ವ್ಯತ್ಯಾಸ ನೋಡಿ: ಇದ್ದಿಲಿನಂಥ ಕೋಣದ ಮೈ ಮುಂದೆ ಬಿಸಿಲಿಗೆ ಬೆಳ್ಳಗೆ ಹೊಳೆಯೋ ನೀರಿನ ಹನಿ. ಇಷ್ಟು ದೊಡ್ಡ ಅಂತರ ಇರುವಾಗ ಬಣ್ಣ ತೆಗೆದ್ರೆ ನೀರು ಗಾಜಿನ ಚೂರಿನ ಥರ ಎದ್ದು ಕಾಣುತ್ತೆ. ಸೂರ್ಯ ಹನಿಗಳ ಹಿಂದೆ ಇರೋ ಹಾಗೆ ನಿಂತ್ಕೊಳ್ಳಿ, ಶಟರ್ ಸ್ಪೀಡ್ 1/1000 ಸೆಕೆಂಡ್ ಇಲ್ಲಾ ಅದಕ್ಕಿಂತ ವೇಗವಾಗಿ ಇಡಿ.

ಇದನ್ನ ಅಂದಾಜು ಮಾಡೋಕೆ ಸುಲಭ ದಾರಿ ಕಣ್ಣು ಅರ್ಧ ಮುಚ್ಚಿ ನೋಡೋದು. ಬಣ್ಣ ಮಂಕಾಗಿ ಬೆಳಕು ನೆರಳಿನ ದೊಡ್ಡ ದೊಡ್ಡ ಪಟ್ಟಿಗಳು ಮಾತ್ರ ಕಾಣುತ್ತೆ. ಆ ಪಟ್ಟಿಗಳೇ ಒಂದು ಚಿತ್ರ ಆಗಿದ್ರೆ ಸೈ. ಎಲ್ಲಾ ಸೇರಿ ಒಂದೇ ಮುದ್ದೆ ಆಗಿದ್ರೆ ಬಣ್ಣ ಬಿಡ್ಬೇಡಿ. ಫೋನಲ್ಲಾದ್ರೆ ಬಣ್ಣದ ಗಾಢತೆ ಹೆಚ್ಚುಕಮ್ಮಿ ಮಾಡೋ ಸ್ಯಾಚುರೇಷನ್ ಸ್ಲೈಡರ್ ಪೂರ್ತಿ ಎಡಕ್ಕೆ ಎಳೆದು ಐದು ಸೆಕೆಂಡ್ ನೋಡಿ ವಾಪಸ್ ತನ್ನಿ, ಇದು ಪರೀಕ್ಷೆಗೆ ಮಾತ್ರ, ಫೈನಲ್ ಎಡಿಟಿಂಗ್ ಹಿಂಗೆ ಮಾಡ್ಬಾರ್ದು, ಯಾಕೆ ಅಂತ ಮುಂದೆ ಹೇಳ್ತೀನಿ.

ಹೆಜ್ಜೆ 4: ಬೆಳಕು ಯಾವ ಥರದ್ದು

ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಕಲರ್ ಫೋಟೋ ತೆಗೆದ್ರೆ ಬಣ್ಣ ಎಲ್ಲ ಬಿಳಚಿಕೊಂಡಿರುತ್ತೆ, ಆದ್ರೆ ನೆರಳು ಚೂಪಾಗಿರುತ್ತೆ, ಕಂಬಗಳ ಸಾಲು, ಮೆಟ್ಟಿಲು, ಹಳೇ ಮನೆ ತೊಟ್ಟಿಯೊಳಗೆ ಬೀಳೋ ಬಿಸಿಲು, ಇವಕ್ಕೆಲ್ಲ ಆ ಹೊತ್ತು ಬ್ಲ್ಯಾಕ್ ಅಂಡ್ ವೈಟ್ ಚೆನ್ನಾಗಿ ಒಗ್ಗುತ್ತೆ. ಮಲೆನಾಡಿನ ಮಂಜು ಬೆಳಿಗ್ಗೆಗೂ ಹಂಗೇ, ಹತ್ತಿರದ ಮರ ಕಪ್ಪು, ಅದ್ರ ಹಿಂದಿನ ಗುಡ್ಡ ಬೂದು, ಅದ್ರ ಹಿಂದಿನದ್ದು ಇನ್ನೂ ತಿಳಿ, ಪದರ ಪದರವಾಗಿ ಸಿಗುತ್ತೆ. ಮಳೆ ನಿಂತ ಮೇಲಿನ ಹಸಿರು ಬೇರೆ ಕಥೆ, ಆ ಹಸಿರೇ ವಿಷಯ ಆದ್ರೆ ಅದನ್ನ ಮುಟ್ಬೇಡಿ.

ಹಂಪೀಲಿ ಎರಡೂ ಒಂದೇ ದಿನ ಸಿಗುತ್ತೆ. ಮಾತಂಗ ಬೆಟ್ಟದ ಮೇಲಿಂದ ಸೂರ್ಯೋದಯಕ್ಕೆ ಬಂಡೆಗಳು ಜೇನಿನ ಬಣ್ಣಕ್ಕೆ ತಿರುಗ್ತವೆ, ಅದು ಕಲರ್. ಹನ್ನೊಂದು ಗಂಟೆಗೆ ಅದೇ ಬಂಡೆ, ಮೇಲೆ ಬಿಳಿ ಮೋಡ ಇರೋ ನೀಲಿ ಆಕಾಶ, ಕಲರಲ್ಲಿ ಟೂರಿಸ್ಟ್ ಕಾರ್ಡ್ ಥರ ಕಾಣುತ್ತೆ, ಬ್ಲ್ಯಾಕ್ ಅಂಡ್ ವೈಟ್ ಮಾಡಿ ಆಕಾಶ ಕಪ್ಪಗೆ ಮಾಡಿದ್ರೆ ಬಂಡೆಯ ತೂಕ ಗೊತ್ತಾಗುತ್ತೆ.

ಮದುವೆ ಮನೆ ಎಲ್‌ಇಡಿ ಬೆಳಕಿನ ಬಗ್ಗೆ ಒಂದು ಎಚ್ಚರಿಕೆ. ರಿಸೆಪ್ಷನ್ ಸ್ಟೇಜಿಗೆ ನೀಲಿ, ನೇರಳೆ ಲೈಟ್ ಬಿಟ್ಟು ಎಲ್ರ ಮುಖ ನೀಲಿ ಮಾಡಿರ್ತಾರೆ, ಆಮೇಲೆ "ಬ್ಲ್ಯಾಕ್ ಅಂಡ್ ವೈಟ್ ಮಾಡಿದ್ರೆ ಸರಿಹೋಗುತ್ತೆ ಬಿಡಿ" ಅಂತಾರೆ. ಸ್ವಲ್ಪ ಸರಿಹೋಗುತ್ತೆ, ಪೂರ್ತಿ ಅಲ್ಲ. ಸಾಮಾನ್ಯ ಕ್ಯಾಮೆರಾ ಸೆನ್ಸರ್‌ನಲ್ಲಿ ಅರ್ಧದಷ್ಟು ಪಿಕ್ಸೆಲ್ ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ ಮೀಸಲು. ಬರೀ ನೀಲಿ ಬೆಳಕಲ್ಲಿ ತೆಗೆದ ಮುಖದ ವಿವರ ಇರೋದೆಲ್ಲ ಹೆಚ್ಚಾಗಿ ಆ ಕಾಲು ಭಾಗದಲ್ಲಿ, ಅದೂ ಎಷ್ಟೋ ಸಲ ಬೆಳಕು ಜಾಸ್ತಿಯಾಗಿ ವಿವರ ಎಲ್ಲ ಅಳಿಸಿಹೋಗಿರುತ್ತೆ. ನನ್ನ ಚಿಕ್ಕಪ್ಪನ ಮಗಳ ರಿಸೆಪ್ಷನ್‌ನಲ್ಲಿ ಹಿಂಗೇ ಆಗಿ ನಲವತ್ತು ಚಿಲ್ಲರೆ ಫೋಟೋದಲ್ಲಿ ಉಳಿದಿದ್ದು ಆರೇ ಆರು. ಮುಂಚೇನೇ ಲೈಟಿನವ್ರ ಹತ್ರ ಹೋಗಿ "ಅಣ್ಣಾ, ಹಾರ ಬದಲಾಯಿಸೋವಾಗ ಒಂದ್ ಹತ್ತು ನಿಮಿಷ ವೈಟ್ ಬಿಡಿ" ಅಂತ ಕೇಳ್ಕೊಳ್ಳೋದು ಎಲ್ಲಕ್ಕಿಂತ ಒಳ್ಳೇದು, ಬಹಳಷ್ಟು ಜನ ಒಪ್ಕೋತಾರೆ.

ಹೆಜ್ಜೆ 5: ತೆಗೆಯೋವಾಗಲೇ ಬ್ಲ್ಯಾಕ್ ಅಂಡ್ ವೈಟಲ್ಲಿ ನೋಡಿ, ಆದ್ರೆ ಬಣ್ಣ ಉಳಿಸ್ಕೊಳ್ಳಿ

ಕ್ಯಾಮೆರಾ ಇದ್ರೆ ರಾ ಫಾರ್ಮ್ಯಾಟ್ (ಸೆನ್ಸರ್ ಕಂಡಿದ್ದನ್ನೆಲ್ಲ ಹಾಗೇ ಉಳಿಸೋ ಫೈಲ್) ಆನ್ ಮಾಡಿ, ಕ್ಯಾನನ್‌ನಲ್ಲಿ ಪಿಕ್ಚರ್ ಸ್ಟೈಲ್, ನಿಕಾನ್‌ನಲ್ಲಿ ಪಿಕ್ಚರ್ ಕಂಟ್ರೋಲ್, ಫ್ಯೂಜಿಯಲ್ಲಿ ಫಿಲ್ಮ್ ಸಿಮ್ಯುಲೇಷನ್ ಅಂತ ಇರುತ್ತೆ, ಅದನ್ನ ಮೋನೋಕ್ರೋಮ್‌ಗೆ, ಅಂದ್ರೆ ಬ್ಲ್ಯಾಕ್ ಅಂಡ್ ವೈಟಿಗೆ, ಇಡಿ. ಸ್ಕ್ರೀನ್‌ನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಕಾಣುತ್ತೆ, ರಾ ಫೈಲ್‌ನಲ್ಲಿ ಬಣ್ಣ ಎಲ್ಲ ಭದ್ರವಾಗಿರುತ್ತೆ. ಬರೀ ಜೆಪೆಗ್ (ಮಾಮೂಲಿ ಫೋಟೋ ಫೈಲ್) ಇಟ್ಟು ಮೋನೋಕ್ರೋಮ್ ಮಾಡ್ಬೇಡಿ, ಅದರಲ್ಲಿ ಹೋದ ಬಣ್ಣ ಮತ್ತೆ ಬರಲ್ಲ. ಮೊಬೈಲ್‌ನಲ್ಲಿ ಕಲರಲ್ಲೇ ತೆಗೆದು ಕಾಪಿ ಮಾಡ್ಕೊಂಡು ಕಾಪಿಯನ್ನ ಎಡಿಟ್ ಮಾಡಿ. ವಾರಕ್ಕೊಂದು ದಿನ ಪೂರ್ತಿ ಮೋನೋಕ್ರೋಮ್ ಸ್ಕ್ರೀನ್‌ನಲ್ಲೇ ತೆಗೀರಿ, ಒಂದೆರಡು ತಿಂಗಳಲ್ಲಿ ಬರಿಗಣ್ಣಿಗೇ ಯಾವ ಬಣ್ಣ ಎಷ್ಟು ಬೂದು ಆಗುತ್ತೆ ಅಂತ ಕಾಣೋಕೆ ಶುರುವಾಗುತ್ತೆ.

ಹೆಜ್ಜೆ 6: ಬಣ್ಣ ಸುಮ್ನೆ ಅಳಿಸ್ಬೇಡಿ, ಯಾವ ಬಣ್ಣ ಎಷ್ಟು ಬೆಳ್ಳಗೆ ಅಂತ ನೀವೇ ಹೇಳಿ

ಸ್ಯಾಚುರೇಷನ್ ಸೊನ್ನೆ ಮಾಡಿದ್ರೆ ಆ್ಯಪ್ ತನ್ನ ಲೆಕ್ಕದ ಪ್ರಕಾರ ಬೂದು ಮಾಡುತ್ತೆ, ನಿಮ್ಮನ್ನ ಕೇಳಲ್ಲ. ಲೈಟ್‌ರೂಮ್ ಅನ್ನೋ ಎಡಿಟಿಂಗ್ ಆ್ಯಪ್‌ನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಒತ್ತಿದ್ಮೇಲೆ ಮಿಕ್ಸರ್ ಅಂತ ಸಿಗುತ್ತೆ, ಕೆಂಪಿನಿಂದ ಮೆಜೆಂಟಾವರೆಗೆ ಎಂಟು ಸ್ಲೈಡರ್. ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲಾದ್ರೆ ಬ್ಲ್ಯಾಕ್ ಅಂಡ್ ವೈಟ್ ಟೂಲ್ ಒಳಗೆ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಫಿಲ್ಟರ್ ಇವೆ. ಫಿಲ್ಮ್ ಕಾಲದಲ್ಲಿ ಲೆನ್ಸ್ ಮುಂದೆ ಬಣ್ಣದ ಗಾಜು ತಿರುಗಿಸಿ ಹಾಕ್ತಿದ್ರಲ್ಲ, ಅದೇ ವಿದ್ಯೆ ಇದು. ಗಾಜಿನ ಬಣ್ಣ ಯಾವುದೋ ಆ ಬಣ್ಣದ ವಸ್ತು ಬೆಳ್ಳಗಾಗುತ್ತೆ, ಎದುರು ಬಣ್ಣ ಕಪ್ಪಾಗುತ್ತೆ. ಕೆಂಪು ಫಿಲ್ಟರ್ ಹಾಕಿದ್ರೆ ಹಂಪಿ ಆಕಾಶ ಕಪ್ಪು, ಬಂಡೆ ತಿಳಿ. ನಾಟಿ ಫೋಟೋದಲ್ಲಿ ಹಸಿರು ಮೇಲೆತ್ತಿ ಕೆಂಪು ಕೆಳಗಿಳಿಸಿದ್ರೆ ಕರಗೋಗಿದ್ದ ಸೀರೆ ಮತ್ತೆ ಕಾಣುತ್ತೆ. ಆದ್ರೆ ನೀಲಿ ಸ್ಲೈಡರ್ ಜಾಸ್ತಿ ಕೆಳಗೆ ಎಳೆದ್ರೆ ಆಕಾಶದಲ್ಲಿ ಕಾಳು ಕಾಳು, ಬೆಟ್ಟದ ಅಂಚಲ್ಲಿ ಬಿಳಿ ಗೆರೆ ಬರುತ್ತೆ, ಜೂಮ್ ಮಾಡಿ ನೋಡ್ಕೊಳ್ಳಿ.

ಈಗ ಕುಂಕುಮ. ನಮ್ಮಜ್ಜಿ ಹಣೇಲಿ ಕಾಸಗಲ ಕುಂಕುಮ ಇಡೋರು. ಅವ್ರ ಒಂದು ಫೋಟೋನ ಬ್ಲ್ಯಾಕ್ ಅಂಡ್ ವೈಟ್ ಮಾಡಿ, ಮುಖ ಸ್ವಲ್ಪ ತಿಳಿಯಾಗ್ಲಿ ಅಂತ ಕೆಂಪು, ಕಿತ್ತಳೆ ಎರಡೂ ಮೇಲೆತ್ತಿದೆ. ಮುಖ ಹೊಳೀತು, ಕುಂಕುಮ ಹೋಯ್ತು. ಅಮ್ಮ ನೋಡಿ ಗಾಬರಿಯಾಗಿ "ಏನೋ ಇದು, ಅಜ್ಜಿ ಹಣೆ ಬರಿದು ಮಾಡಿಟ್ಟಿದೀಯಾ" ಅಂದ್ರು. ನಮ್ಮ ಮನೇಲಿ ಆ ಮಾತಿಗೆ ಎಂಥ ಅರ್ಥ ಇದೆ ಅಂತ ನಿಮಗೆ ಗೊತ್ತು. ಆಮೇಲೆ ಕಿತ್ತಳೆ ಹಂಗೇ ಬಿಟ್ಟು ಕೆಂಪು ಮಾತ್ರ ಕೆಳಗಿಳಿಸ್ದೆ, ಕುಂಕುಮ ದುಂಡಗೆ ಕಪ್ಪಗೆ ವಾಪಸ್ ಬಂತು. ಹಳೇ ಸ್ಟುಡಿಯೋ ಫೋಟೋಗಳಲ್ಲಿ ಕುಂಕುಮ, ಎಲೆಅಡಿಕೆ ಹಾಕಿದ ತುಟಿ ಕಪ್ಪಗೆ ಕಾಣೋದಕ್ಕೂ ಎಷ್ಟೋ ಸಲ ಇದೇ ಕಾರಣ, ಆಗಿನ ಆರ್ಥೋಕ್ರೋಮ್ಯಾಟಿಕ್ ಪ್ಲೇಟು, ಫಿಲ್ಮುಗಳಿಗೆ ಕೆಂಪು ಬೆಳಕು ಕಾಣ್ತಾನೇ ಇರ್ಲಿಲ್ಲ.

ಕಿತ್ತಳೆ ಸ್ಲೈಡರ್ ಬಗ್ಗೆ ಇನ್ನೊಂದು ಮಾತು, ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ನಮ್ಮ ಮೈಬಣ್ಣ ಹೆಚ್ಚಾಗಿ ಕಿತ್ತಳೆ ಭಾಗದಲ್ಲೇ ಬರೋದು, ಆ ಸ್ಲೈಡರ್ ಮೇಲೆತ್ತಿದ್ರೆ ಎಂಥವ್ರನ್ನೂ ಬೆಳ್ಳಗೆ ಮಾಡ್ಬಹುದು. ಮಾಡ್ಬೇಡಿ. ಬಿಸಿಲಲ್ಲಿ ದುಡಿದ ಮುಖಕ್ಕೆ ಅದ್ರದ್ದೇ ಆದ ಕಪ್ಪು ಇದೆ, ಆ ಕಪ್ಪಿನೊಳಗೆ ಹೊಳಪಿದೆ, ಗೆರೆ ಇದೆ, ಅದನ್ನ ತೋರ್ಸೋಕೇ ತಾನೇ ಬ್ಲ್ಯಾಕ್ ಅಂಡ್ ವೈಟ್ ಮಾಡಿದ್ದು. ಹಂಗಂತ ಕಿತ್ತಳೆ ತೀರಾ ಕೆಳಗಿಳಿಸಿ, ಗೆರೆಗಳನ್ನ ಎದ್ದು ಕಾಣಿಸೋ ಕ್ಲ್ಯಾರಿಟಿ ಸ್ಲೈಡರ್ ನೂರಕ್ಕೆ ಏರಿಸಿ ಪ್ರತಿ ಸುಕ್ಕನ್ನೂ ಉಳುಮೆ ಮಾಡಿದ ಹೊಲದ ಥರ ಮಾಡೋದೂ ಅನ್ಯಾಯವೇ. ಆ ವ್ಯಕ್ತಿ ಎದುರು ಕೂತು ಫೋಟೋ ನೋಡಿದ್ರೆ "ಹ್ಞೂಂ, ಇದು ನಾನೇ" ಅನ್ಬೇಕು, ಅಷ್ಟು ಅಳತೆ ಸಾಕು.

ಹೆಜ್ಜೆ 7: ಒಂದ್ ರಾತ್ರಿ ಬಿಡಿ

ಕಲರ್ ಒಂದು, ಬ್ಲ್ಯಾಕ್ ಅಂಡ್ ವೈಟ್ ಒಂದು, ಎರಡೂ ಮಾಡಿಟ್ಟು ಮಲಗಿ. ಬೆಳಿಗ್ಗೆ ಎದ್ದು ಎರಡನ್ನೂ ಬೆರಳುಗುರಿನಷ್ಟು ಚಿಕ್ಕದು ಮಾಡಿ ಅಕ್ಕಪಕ್ಕ ನೋಡಿ. ಯಾವುದರಲ್ಲಿ ನೀವು ಮೊದಲನೇ ಹೆಜ್ಜೇಲಿ ಹೇಳಿದ ವಾಕ್ಯ ಬೇಗ ಕಾಣುತ್ತೋ ಅದು. ಫೋಕಸ್ ತಪ್ಪಿದ, ಏನೂ ನಡೀದೇ ಇರೋ ಫೋಟೋಗೆ ಬಣ್ಣ ತೆಗೆದ್ರೆ ಅದು ಫೋಕಸ್ ತಪ್ಪಿದ ಬ್ಲ್ಯಾಕ್ ಅಂಡ್ ವೈಟ್ ಫೋಟೋ ಆಗುತ್ತೆ, ಇನ್ನೇನಿಲ್ಲ.

ಒಂದು ಸರಣಿ ಮಾಡ್ತಿದ್ರೆ ಹತ್ತು ಫೋಟೋದಲ್ಲಿ ಮೂರು ಕಲರ್, ಏಳು ಬ್ಲ್ಯಾಕ್ ಅಂಡ್ ವೈಟ್ ಅಂತ ಕಲಸ್ಬೇಡಿ, ನೋಡೋರ ಕಣ್ಣಿಗೆ ಪದೇ ಪದೇ ಬ್ರೇಕ್ ಹಾಕಿದಂಗಾಗುತ್ತೆ. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವ್ರ ಬ್ಲ್ಯಾಕ್ ಅಂಡ್ ವೈಟ್ ಫೋಟೋಗಳನ್ನ, ಅದ್ರಲ್ಲೂ ಮಕ್ಕಳದ್ದನ್ನ, ಒಂದಾದ್ಮೇಲೆ ಒಂದು ನೋಡಿ, ಎಲ್ಲೂ ಬಣ್ಣ ಬೇಕಿತ್ತು ಅಂತ ಅನ್ಸೋದೇ ಇಲ್ಲ, ಮುಖಗಳಲ್ಲೇ ಎಲ್ಲಾ ಇದೆ. ಆಮೇಲೆ ಜೈಪುರದ ರಘುಬೀರ್ ಸಿಂಗ್ ಅವ್ರನ್ನ ನೋಡಿ, 1942ರಲ್ಲಿ ಹುಟ್ಟಿ 1999ರಲ್ಲಿ ತೀರಿಕೊಂಡ್ರು, ಕಲರ್ ಫೋಟೋನ ಕಲೆ ಅಂತ ದೊಡ್ಡವ್ರು ಒಪ್ಪದೇ ಇದ್ದ ಕಾಲದಲ್ಲೇ ಭಾರತದ ಬದುಕನ್ನ ಬಣ್ಣ ಬಿಟ್ಟು ನೋಡೋಕಾಗಲ್ಲ ಅಂತ ಹಠ ಹಿಡಿದು ಕಲರಲ್ಲೇ ಕೆಲ್ಸ ಮಾಡಿದ್ರು. ಕಾಡುಪ್ರಾಣಿ ಫೋಟೋ ಅಂದ್ರೆ ಕಲರೇ ಅಂದ್ಕೊಂಡಿರೋರು ಸಂಡೂರಿನ ಎಂ.ವೈ. ಘೋರ್ಪಡೆಯವ್ರ ಬ್ಲ್ಯಾಕ್ ಅಂಡ್ ವೈಟ್ ಚಿತ್ರಗಳನ್ನ ಹುಡುಕಿ ನೋಡಿ, ರಾಜ್ಯದ ಹಣಕಾಸು ಮಂತ್ರಿಯಾಗಿದ್ದವ್ರು ಅವ್ರು, ಆನೆ ಚರ್ಮದ ಮೇಲೆ ಬೆಳಕು ಹೆಂಗೆ ಬೀಳುತ್ತೆ ಅಂತ ಗೊತ್ತಿದ್ದವ್ರು.

ಸ್ಪರ್ಧೆಗೆ, ಪ್ರಿಂಟಿಗೆ ಕಳ್ಸೋರಿಗೆ

ಅಂತಾರಾಷ್ಟ್ರೀಯ ಫೋಟೋಗ್ರಫಿ ಸಂಸ್ಥೆ ಫಿಯಾಪ್‌ನ ನಿಯಮ ಪಾಲಿಸೋ ಸಲೂನ್‌ಗಳಿಗೆ (ಫೋಟೋ ಸ್ಪರ್ಧೆಗಳಿಗೆ ಹಿಂಗೇ ಹೆಸ್ರು) ಕಳ್ಸೋದಾದ್ರೆ ಮೋನೋಕ್ರೋಮ್ ಅಂದ್ರೆ ಏನು ಅಂತ ಸ್ಪಷ್ಟವಾಗಿದೆ. ಕಪ್ಪಿನಿಂದ ಬಿಳಿವರೆಗಿನ ಬೂದು ಛಾಯೆಗಳಿರೋದು ಮೋನೋಕ್ರೋಮ್, ಇಡೀ ಫೋಟೋಗೆ ಸೀಪಿಯಾ ಥರ ಒಂದೇ ಬಣ್ಣದ ಟೋನ್ ಕೊಟ್ರೂ ಅದು ಮೋನೋಕ್ರೋಮೇ. ಆದ್ರೆ ಫೋಟೋ ಪೂರ್ತಿ ಬ್ಲ್ಯಾಕ್ ಅಂಡ್ ವೈಟ್ ಮಾಡಿ ಗುಲಾಬಿ ಹೂವೊಂದನ್ನ ಮಾತ್ರ ಕೆಂಪಗೆ ಉಳಿಸಿದ್ರೆ ಅದು ಕಲರ್ ಸೆಕ್ಷನ್‌ಗೆ ಹೋಗ್ಬೇಕು. ನೇಚರ್ ಸೆಕ್ಷನ್‌ನಲ್ಲಿ ಪೂರ್ತಿ ಬ್ಲ್ಯಾಕ್ ಅಂಡ್ ವೈಟ್ ಮಾಡಬಹುದು, ಅರ್ಧಂಬರ್ಧ ಮಾಡೋ ಹಾಗಿಲ್ಲ. ಆ ಒಂದೇ ಹೂವಿನ ಐಡಿಯಾ ನಂಗೆ ಯಾವತ್ತೂ ಇಷ್ಟ ಆಗಿಲ್ಲ, ಎರಡು ದೋಣಿ ಮೇಲೆ ಕಾಲಿಟ್ಟಂಗೆ.

ಪ್ರಿಂಟಲ್ಲಿ ಬ್ಲ್ಯಾಕ್ ಅಂಡ್ ವೈಟ್ ಸ್ವಲ್ಪ ಕೈಕೊಡುತ್ತೆ. ಹೆಚ್ಚಿನ ಲ್ಯಾಬ್‌ಗಳು ಕಲರ್ ಪೇಪರ್ ಮೇಲೇ ಬ್ಲ್ಯಾಕ್ ಅಂಡ್ ವೈಟೂ ಹಾಕೋದ್ರಿಂದ ಬೂದು ಭಾಗ ಒಂಚೂರು ಹಸಿರಿಗೋ ಗುಲಾಬಿಗೋ ತಿರುಗ್ಬಹುದು. ದೊಡ್ಡ ಸೈಜ್ ಹಾಕ್ಸೋ ಮುಂಚೆ ನಾಲ್ಕು ಇಂಟು ಆರು ಇಂಚಿನ ಒಂದು ಟೆಸ್ಟ್ ಪ್ರಿಂಟ್ ತಗೊಂಡು ಲ್ಯಾಬ್ ಒಳಗಿನ ಲೈಟಲ್ಲಿ ನೋಡಿ, ಆಮೇಲೆ ಬಾಗಿಲಾಚೆ ಹಗಲು ಬೆಳಕಿಗೆ ಹಿಡಿದು ನೋಡಿ. ಹೊರಗೂ ಬಣ್ಣ ಕಂಡ್ರೆ ಅಲ್ಲೇ ಕೌಂಟರಲ್ಲಿ ತೋರ್ಸಿ, ತಿದ್ದಿಸ್ಕೊಂಡು ಇನ್ನೊಂದು ಟೆಸ್ಟ್ ತಗೊಳ್ಳಿ. ಅಜ್ಜಿ ಫೋಟೋ ಹಂಗೇ ಮೂರನೇ ಸಲಕ್ಕೆ ಸರಿಯಾಗಿ ಬಂತು, ಈಗ ಅಮ್ಮನ ರೂಮಲ್ಲಿದೆ.